‘ಹೊರಟ್ವಿ’ ಎಂಬ ಒಂದು ಮಾತು

ಆಶ್ರಯ ಕೇಂದ್ರ,
ಶಾಲೆಯ ಎರಡನೇ ತರಗತಿ ಕೋಣೆ
ಮಂಗಳವಾರ, ಬೆಳಗ್ಗೆ ಹತ್ತೂಕಾಲು

ನನ್ನ ಮೆಣಸೇ,

ಕಾಗದ ನೋಡಿ ಹೆದರಬೇಡ. ನಮ್ಮಕ್ಕ, ನಿನ್ನ ಅತ್ತೆ, ಚೆನ್ನಾಗಿದ್ದಾಳೆ. ಬೆಳಗ್ಗೆ ಎದ್ದು ಎರಡು ಸಲ ಕೆಮ್ಮಿ, ಮೂರು ಸಲ ನನ್ನನ್ನು ಬೈದು, ಈಗ ಕಿಟಕಿ ಪಕ್ಕದ ಮಂಚದ ಮೇಲೆ ಕೂತು ಯಾರದೋ ಅಂಗಿಗೆ ಗುಂಡಿ ಹಾಕುತ್ತಿದ್ದಾಳೆ. ಹೋದ ಮಂಗಳವಾರ ಕೆಮ್ಮು ನಾಲ್ಕು, ಬೈಗುಳ ಒಂದೇ. ಕೆಮ್ಮು ಇಳಿದು ಬೈಗುಳ ಏರಿದರೆ ಶ್ವಾಸಕೋಶ ಸುಧಾರಿಸಿದ ಹಾಗೆ ಎಂದು ಡಾಕ್ಟರೇ ನಗುತ್ತ ಹೇಳಿದ್ದಾರೆ.

ಮಾತಿಗೊಮ್ಮೆ ಫೋನ್ ಮಾಡುವವನು ಕಾಗದ ಯಾಕೆ ಬರೆದ ಎಂದು ಕೇಳುತ್ತೀಯ. ಫೋನಿನಲ್ಲಿ ನನ್ನನ್ನು ನಾನೇ ನಂಬುವುದಿಲ್ಲ. ಇಪ್ಪತ್ತೇಳು ವರ್ಷ ನಾನು ಮಾರಿದ್ದು ಮಾತನ್ನು. ಕುರ್ಚಿ ಅದರ ಜೊತೆಗೆ ಬಾಡಿಗೆಗೆ ಹೋಗುತ್ತಿತ್ತು ಅಷ್ಟೆ. ನೀನು ‘ಹೇಳಪ್ಪ’ ಅಂದರೆ ಸಾಕು, ನಾಲಿಗೆ ತಾನಾಗಿ ಓಡಿ ನನಗೆ ಅನುಕೂಲವಾದ ಜಾಗದಲ್ಲಿ ಹೋಗಿ ಕೂರುತ್ತದೆ. ಪೆನ್ನಿಗೆ ಅಷ್ಟು ಓಟ ಇಲ್ಲ. ಎರಡನೇ ತರಗತಿ ಮಕ್ಕಳ ಬೆಂಚಿನಲ್ಲಿ, ಮೊಣಕಾಲು ಗದ್ದಕ್ಕೆ ತಾಗುವ ಹಾಗೆ ಕೂತು ಬರೆಯುತ್ತಿದ್ದೇನೆ. ಇಂಥ ಕಾಗದಕ್ಕೆ ಸರಿಯಾದ ಜಾಗ.

ಬರುವ ಸೋಮವಾರ ನಿನ್ನನ್ನು ವಿಚಾರಣೆಗೆ ಕರೆದಿದ್ದಾರೆ, ನೀನು ರಾಜೀನಾಮೆ ಬರೆದು ಚೀಲದಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದೀಯ ಎಂದು, ಸಹಾಯವಾಣಿಯಲ್ಲಿ ನಿನ್ನ ಪಕ್ಕ ಕೂರುವ ಗೆಳತಿ ಮೊನ್ನೆ ಅಕ್ಕನಿಗೆ ಹೇಳಿದಳಂತೆ. ಅದನ್ನು ಹರಿದುಹಾಕು. ಯಾಕೆ ಎಂದು ಕೆಳಗೆ ಬರೆಯುತ್ತೇನೆ. ಮೊದಲು ಹರಿ, ಆಮೇಲೆ ಓದು.

ನೀನು ತಪ್ಪು ಕೇಳಿಸಿಕೊಳ್ಳಲಿಲ್ಲ. ನಾನು ‘ಹೊರಟ್ವಿ’ ಎಂದೇ ಹೇಳಿದ್ದೆ.

ಈ ಸಾಲು ಬರೆಯಲು ನನಗೆ ಹತ್ತೊಂಬತ್ತು ದಿನ ಹಿಡಿಯಿತು.

ನಮ್ಮ ಮನೆಯಲ್ಲಿ ಈ ಮಾತಿನ ಚರಿತ್ರೆ ನಿನಗೆ ಗೊತ್ತಿರುವುದೇ. ಬಚ್ಚಲಲ್ಲಿ ತಲೆಗೆ ಸೋಪು ಹಾಕಿಕೊಂಡು ‘ಬಂದೆ’ ಎನ್ನುವವರು ನಾವು. ಚಪ್ಪಲಿ ಹುಡುಕುತ್ತ ‘ಹೊರಟೆ’ ಎನ್ನುತ್ತೇವೆ. ಆಗಬೇಕಾದ್ದನ್ನು ಆಗಿಹೋದ ಹಾಗೆ ಹೇಳುವುದು ನಮ್ಮ ಭಾಷೆಗೇ ಇರುವ ಚಟವೋ ಏನೋ. ನಾನು ಆ ಚಟವನ್ನೇ ಕಸುಬು ಮಾಡಿಕೊಂಡೆ. ಗಿರಾಕಿ ಫೋನ್ ಮಾಡಿ ‘ಕುರ್ಚಿ ಹೊರಟ್ವಾ?’ ಎಂದರೆ, ಗೋದಾಮಿನಲ್ಲಿ ಹತ್ತತ್ತರಂತೆ ಪೇರಿಸಿಟ್ಟ ಕುರ್ಚಿಗಳನ್ನು ಕಣ್ಣಾರೆ ನೋಡುತ್ತಲೇ ‘ಹೊರಟ್ವು ಸಾರ್, ಗಾಡಿ ತಿರುವಿನಲ್ಲಿದೆ’ ಎನ್ನುತ್ತಿದ್ದೆ. ಯಾವ ತಿರುವು ಎಂದು ಇಪ್ಪತ್ತೇಳು ವರ್ಷದಲ್ಲಿ ಒಬ್ಬನೂ ಕೇಳಲಿಲ್ಲ. ಆಮೇಲೆ ಎದ್ದುಬಿದ್ದು ಓಡಿಸಿ ಹೊತ್ತಿಗೆ ಮುಟ್ಟಿಸುತ್ತಿದ್ದೆ ಅನ್ನು. ಹಾಗಾಗಿ ಅದನ್ನು ಸುಳ್ಳಿನ ಪಟ್ಟಿಗೆ ಸೇರಿಸಲೇ ಇಲ್ಲ. ಮುಂಗಡವಾಗಿ ಹೇಳಿದ ನಿಜ ಎಂದುಕೊಂಡಿದ್ದೆ.

ಆ ಗುರುವಾರ ಬೆಳಗ್ಗೆ ಹತ್ತಕ್ಕೆ ಗುಡ್ಡದ ಹಿಂದೆ ಹೊಗೆ ಕಂಡಿತು. ಮೊದಲು ಬೂದು ಬಣ್ಣ, ಆಮೇಲೆ ಹಳದಿ. ಗಾಳಿ ನಮ್ಮ ಬೀದಿಯ ಕಡೆಗೇ ಇತ್ತು. ನೀನು ಹತ್ತೂವರೆಗೆ ಫೋನ್ ಮಾಡಿ, ‘ಅಪ್ಪ, ಆದೇಶ ಬರ್ಲಿ ಅಂತ ಕಾಯ್ಬೇಡ. ಅತ್ತೇನ ಕರ್ಕೊಂಡು ಈಗ್ಲೇ ಹೊರಡು’ ಎಂದೆ. ನಾನು ‘ಆಯ್ತಮ್ಮ’ ಎಂದೆ. ಬೆಂಕಿಗೂ ನಮ್ಮ ಬೀದಿಗೂ ನಡುವೆ ಆಗ ಎರಡು ಮೈಲಿ ಒಣಹುಲ್ಲಿತ್ತು. ನಿನಗೆ ಅದು ಹುಲ್ಲಾಗಿ ಕಂಡಿತು. ನನಗೆ ಎರಡು ಟ್ರಿಪ್ಪಾಗಿ ಕಂಡಿತು. ಮೊದಲ ಟ್ರಿಪ್ಪು ಕುರ್ಚಿಗೆ, ಎರಡನೆಯದು ಅಕ್ಕನಿಗೆ.

ಅಕ್ಕ ಸಿದ್ಧವಾಗಿದ್ದಳು. ಹೋದ ವರ್ಷ ನೀನು ಫ್ರಿಜ್ಜಿಗೆ ಅಂಟಿಸಿದ್ದೆಯಲ್ಲ, ಕಾಡ್ಗಿಚ್ಚು ಬಂದರೆ ಏನು ಮಾಡಬೇಕು ಎಂಬ ಹತ್ತು ಸಾಲಿನ ಪಟ್ಟಿ, ಅದರ ಪ್ರಕಾರ ಚೀಲ ಕಟ್ಟಿಟ್ಟಿದ್ದಳು: ಮಾತ್ರೆ, ನೀರು, ಟಾರ್ಚು, ಕಾಗದಪತ್ರ, ಮಾಸ್ಕು, ಒಂದು ಜೊತೆ ಹತ್ತಿ ಬಟ್ಟೆ. ವಾಕರ್ ಹಿಡಿದುಕೊಂಡು ಬಾಗಿಲ ಪಕ್ಕದ ಕಿಟಕಿಯಲ್ಲಿ ಬಂದು ಕೂತಿದ್ದಳು. ನೀನು ಆ ಪಟ್ಟಿ ಅಂಟಿಸಿದ ದಿನ ನಾನು ‘ಗುಡ್ಡಕ್ಕೇ ಇಲ್ಲದ ಆತಂಕ ನಮ್ಮ ಫ್ರಿಜ್ಜಿಗೆ’ ಎಂದು ನಕ್ಕಿದ್ದೆ. ಅದರ ಎರಡನೇ ಸಾಲು ನಿನಗೆ ಬಾಯಿಪಾಠ: ನಡೆಯಲಾಗದವರನ್ನು ಎಲ್ಲರಿಗಿಂತ ಮೊದಲು ಕಳಿಸಿ. ನಮ್ಮ ಮನೆಯಲ್ಲಿ ಆ ಸಾಲು ಕಾಣುತ್ತಿರಲಿಲ್ಲ. ಅದರ ಮೇಲೆ ನಾನು ‘ಶನಿವಾರ, 200 ಕುರ್ಚಿ, ಕವರ್ ಸಮೇತ’ ಎಂದು ಬರೆದಿದ್ದೆ. ಆ ಹೊತ್ತಿಗೆ ಕೈಗೆ ಬೇರೆ ಕಾಗದ ಸಿಕ್ಕಿರಲಿಲ್ಲ.

ಗಾಡಿಯ ಹಿಂದೆ ನೂರ ನಲವತ್ತು ಕುರ್ಚಿ ತುಂಬಿದೆ. ಹತ್ತರ ಹದಿನಾಲ್ಕು ಕಂತೆ. ಆಮೇಲೆ ಗಾಡಿಯಲ್ಲಿ ಜಾಗ ಇರಲಿಲ್ಲ. ಅಕ್ಕನಿಗೆ, ‘ರಸ್ತೆ ಕೊನೇಲಿರೋ ಮೈದಾನದಲ್ಲಿ ಇಳಿಸಿ ಅರ್ಧ ಗಂಟೇಲಿ ಬಂದೆ ಅಂತ ತಿಳ್ಕೋ’ ಎಂದೆ. ಅವಳು, ‘ನೀನು ಬಂದೆ ಅಂದ್ರೆ ನಾನೊಂದು ಅಂಗಿ ಹೊಲ್ದು ಗುಂಡೀನೂ ಹಾಕ್ಬಹುದು ಕಣೋ’ ಎಂದು ನಕ್ಕಳು. ಬಾಯಿ ನಗುತ್ತಿತ್ತು. ಕಣ್ಣು ಗಾಡಿಯ ಮೇಲಿತ್ತು.

ಹಗ್ಗದ ಕೊನೆಯ ಗಂಟು ಬಿಗಿಯುತ್ತಿದ್ದಾಗ ನಿನ್ನ ಎರಡನೇ ಫೋನ್ ಬಂತು. ಹನ್ನೊಂದೂಕಾಲು. ಆಫೀಸಿನ ಲೈನುಗಳೆಲ್ಲ ತುಂಬಿಹೋಗಿ ನಿನ್ನ ಸ್ವಂತ ಫೋನಿನಿಂದ ಮಾಡಿದ್ದೆ. ಅದಕ್ಕೇ ಆ ಮಾತು ಎಲ್ಲೂ ದಾಖಲಾಗಲಿಲ್ಲ; ಇದು ನನಗೆ ಆಮೇಲೆ ಬಹಳ ಉಪಯೋಗಕ್ಕೆ ಬಂತು. ‘ಅಪ್ಪ, ಬೀದಿ ಖಾಲಿ ಮಾಡೋ ಆದೇಶ ಆಯ್ತು. ಮನೆಮನೆಗೂ ಗುರುತು ಹಾಕ್ತಿದ್ದೀನಿ. ನೀವು ಹೊರಟ್ರಾ?’ ಎಂದೆ. ನಾನು ಹಲ್ಲಿನಲ್ಲಿ ಹಗ್ಗ ಕಚ್ಚಿಕೊಂಡೇ ‘ಹೊರಟ್ವಿ, ಹೊರಟ್ವಿ’ ಎಂದೆ. ಎರಡು ಸಲ. ‘ಹೊರಟೆ’ ಎಂದಿದ್ದರೂ ನೀನು ‘ಅತ್ತೆ?’ ಎಂದು ಕೇಳುತ್ತಿದ್ದೆ. ‘ಹೊರಟ್ವಿ’ ಎಂದಿದ್ದಕ್ಕೆ ಕೇಳಲಿಲ್ಲ. ಗಾಡಿಯಲ್ಲಿ ಕೂರಿಸದವಳನ್ನು ನಾನು ಮಾತಿನಲ್ಲಿ ಕೂರಿಸಿಬಿಟ್ಟೆ. ನೀನು ಆಫೀಸಿನ ಪಟ್ಟಿಯಲ್ಲಿ ‘ಇಬ್ಬರು, ಮನೆ ಖಾಲಿ’ ಎಂದು ಗುರುತು ಹಾಕಿದೆ. ಅಪ್ಪನ ಮಾತು ನಂಬಿದವಳು ಇನ್ನೇನು ಹಾಕುತ್ತಾಳೆ?

ಮೈದಾನದಲ್ಲಿ ಕುರ್ಚಿ ಇಳಿಸಿ ಗಾಡಿ ತಿರುಗಿಸುವ ಹೊತ್ತಿಗೆ ಪೊಲೀಸರು ನಮ್ಮ ರಸ್ತೆಗೆ ಅಡ್ಡ ಕಟ್ಟಿ ಆಗಿತ್ತು. ಹನ್ನೆರಡು ಗಂಟೆ ಐದು ನಿಮಿಷ. ಆಕಾಶ ಹಳೇ ತಾಮ್ರದ ಪಾತ್ರೆಯ ಹಾಗಿತ್ತು. ಅಕ್ಕನಿಗೆ ಫೋನ್ ಮಾಡಿದರೆ ನೆಟ್‌ವರ್ಕ್ ಸತ್ತಿತ್ತು. ಅಡ್ಡದ ಹತ್ತಿರ ನಿಂತ ಪೊಲೀಸ್ ನನ್ನನ್ನು ತಡೆದು, ‘ಒಳಗೆ ಯಾರಿದ್ದಾರೆ?’ ಎಂದು ಕೇಳಿದ.

ಇಲ್ಲಿಂದ ಮುಂದಿನದನ್ನು ಯಾರಿಗೂ ಹೇಳಿರಲಿಲ್ಲ. ನಮ್ಮ ಬೀದಿಯವರೆಲ್ಲ ಅಲ್ಲೇ ನಿಂತಿದ್ದರು. ನನ್ನ ಬೆನ್ನ ಹಿಂದೆ ನನ್ನ ಕುರ್ಚಿಗಳ ಸಾಲು; ಒಂದೊಂದರ ಬೆನ್ನಿಗೂ ನಮ್ಮ ಅಂಗಡಿಯ ಕೆಂಪು ನಂಬರು. ‘ಅಕ್ಕ ಇದ್ದಾಳೆ’ ಎಂದರೆ ಮುಂದಿನ ಪ್ರಶ್ನೆ ಏನೆಂದು ನನಗೆ ಗೊತ್ತಿತ್ತು. ‘ಮತ್ತೆ ಇದನ್ನೇನು ಹೊತ್ಕೊಂಡ್ ಬಂದ್ರಿ?’ ಎಂದು ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಿದ್ದರು. ನಾನು ‘ಸ್ವಲ್ಪ ಸಾಮಾನು ಇದೆ ಸಾರ್, ತಗೊಂಡು ಬಂದ್ಬಿಡ್ತೀನಿ’ ಎಂದೆ.

ಮೆಣಸೇ, ನಿನ್ನನ್ನು ಎತ್ತಿ ಬೆಳೆಸಿದವಳನ್ನು ನಾನು ಸಾಮಾನು ಎಂದೆ.

‘ಸಾಮಾನು ಸುಟ್ರೆ ಸುಡ್ಲಿ, ಹಿಂದಕ್ಕೆ ಹೋಗ್ರಿ’ ಎಂದ ಅವನು. ಅವನ ತಪ್ಪೇನು? ಸರಿಯಾಗಿಯೇ ಹೇಳಿದ.

ಆಮೇಲೆ ನಲವತ್ತೆರಡು ನಿಮಿಷ ನಾನು ಅಲ್ಲೇ ಸುಳಿದಾಡಿದೆ. ಹಿಂದಿನ ಕಾಲುದಾರಿ ನೋಡಿದೆ, ಅಲ್ಲೂ ಅಡ್ಡ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಎನ್ನುತ್ತಾರೆ. ನಾನು ಯಾರೂ ಏನೂ ಅನ್ನದೆಯೇ ಹೆಗಲು ಒರೆಸಿಕೊಳ್ಳುತ್ತಿದ್ದೆ. ಗಾಳಿ ತಿರುಗಬಹುದು, ನಮ್ಮ ಬೀದಿ ತಪ್ಪಬಹುದು, ಯಾರಿಗೂ ಗೊತ್ತಾಗದೆ ಎಲ್ಲ ಸರಿಹೋಗಬಹುದು ಎಂದು ಲೆಕ್ಕ ಹಾಕುತ್ತಿದ್ದೆ. ನಾನು ಹಾಕಿದ ಲೆಕ್ಕಗಳಲ್ಲಿ ಅದಕ್ಕಿಂತ ಹೊಲಸು ಲೆಕ್ಕ ಬೇರೆ ಇಲ್ಲ.

ನಮ್ಮ ಎದುರು ಮನೆ ಬೇಕರಿಯವಳು ಎಲ್ಲರಿಗೂ ನೀರಿನ ಬಾಟಲಿ ಹಂಚುತ್ತ ಬಂದಳು. ನನಗೆ ಒಂದು ಕೊಟ್ಟಳು. ಮತ್ತೆ ಇನ್ನೊಂದು ಕೊಟ್ಟು, ‘ಇದು ಅಕ್ಕನಿಗೆ. ಪಾಪ, ಹೊಗೆಗೆ ಅವರ ಗಂಟಲು ಮೊದಲೇ ಆಗಲ್ಲ. ಗಾಡೀಲಿ ಕೂತಿದ್ದಾರಾ?’ ಎಂದಳು. ಎರಡೂ ಕೈಯಲ್ಲಿ ಎರಡು ಬಾಟಲಿ ಹಿಡಿದುಕೊಂಡು ನಿಂತೆ. ಒಂದನ್ನೂ ತೆರೆಯಲಾಗಲಿಲ್ಲ. ಆಗ ಪೊಲೀಸಿನ ಹತ್ತಿರ ಹೋಗಿ, ‘ಒಳಗೆ ನಮ್ಮಕ್ಕ ಇದ್ದಾಳೆ. ನಡೆಯೋಕಾಗಲ್ಲ’ ಎಂದೆ. ಅವನು ನನ್ನ ಮುಖ ನೋಡಿದ. ಬೈಯಲಿಲ್ಲ. ಬೈಯುವುದಕ್ಕೂ ಪುರುಸೊತ್ತಿಲ್ಲದೆ ವೈರ್‌ಲೆಸ್ ಎತ್ತಿಕೊಂಡ.

ಆ ಕಡೆಯಿಂದ ನೀರಿನ ಟ್ಯಾಂಕರ್ ಡ್ರೈವರ್ ಮಾತಾಡಿದ್ದು ನನಗೂ ಕೇಳಿಸಿತು. ‘ಆ ಮನೆ ಖಾಲಿ ಅಂತ ಪಟ್ಟೀಲಿದೆಯಲ್ಲ ಸಾರ್! ಒಂದ್ಸಲ ಮುಂದೇನೇ ದಾಟ್ಕೊಂಡು ಬಂದೆ. ಗೇಟಿಗೆ ಬಿಳಿ ಹಾಸು ಕಟ್ಟಿತ್ತು, ಯಾರೋ ಒಗ್ದು ಒಣಗಿಹಾಕಿ ಮರ್ತಿದ್ದಾರೆ ಅಂದ್ಕೊಂಡೆ.’

ಆ ಹಾಸಿನ ಮೇಲೆ ಅಕ್ಕ, ಕುರ್ಚಿಗೆ ನಂಬರು ಬರೆಯುವ ಕೆಂಪು ಬಣ್ಣದಲ್ಲಿ ‘ಒಳಗೆ ಇದ್ದೇನೆ’ ಎಂದು ಬರೆದಿದ್ದಳು. ಗಾಳಿಗೆ ಮಡಚಿಕೊಂಡು ಅಕ್ಷರ ಕಂಡಿರಲಿಲ್ಲ. ಡ್ರೈವರ್ ಗಾಡಿ ತಿರುಗಿಸಿದ. ಅವನು ಬಾಗಿಲು ತಳ್ಳಿದಾಗ ಅದಕ್ಕೆ ಚಿಲಕ ಇರಲಿಲ್ಲವಂತೆ. ಬಂದವರು ಒಡೆಯುತ್ತ ಕೂರಬಾರದು ಎಂದು ನಿನ್ನ ಏಳನೇ ಸಾಲಿನಲ್ಲಿತ್ತಂತೆ. ಅಕ್ಕ ಗ್ಯಾಸ್ ಬಂದ್ ಮಾಡಿ, ತಾನೇ ಹೊಲಿದ ಪರದೆಗಳನ್ನೆಲ್ಲ ಕಿತ್ತು, ಕಿಟಕಿ ಮುಚ್ಚಿ, ಬಕೆಟ್ಟುಗಳಿಗೆ ನೀರು ತುಂಬಿ, ಬಾಗಿಲ ಸಂದಿಗೆ ಒದ್ದೆ ಟವೆಲ್ಲು ತುರುಕಿ, ಬೆಂಕಿಯ ಕಡೆಗೆ ಹೊರಗೋಡೆಯಾಗಲಿ ಕಿಟಕಿಯಾಗಲಿ ಇಲ್ಲದ ನಡುಕೋಣೆಯಲ್ಲಿ ನೆಲದ ಮೇಲೆ ಮಲಗಿದ್ದಳು. ಹೊಗೆ ಮೇಲೇರುತ್ತದೆ, ನೆಲದ ಹತ್ತಿರ ಉಸಿರಿಗೆ ಗಾಳಿ ಇರುತ್ತದೆ ಎಂದು ಅದೂ ನಿನ್ನ ಪಟ್ಟಿಯದೇ. ಮಂಡಿ ಬಾಗದವಳು ನೆಲಕ್ಕೆ ಹೇಗೆ ಇಳಿದಳೋ ನಾನು ಕೇಳಿಲ್ಲ. ಕೇಳುವ ಮುಖ ನನಗಿಲ್ಲ. ಅವಳನ್ನು ಎತ್ತಿಕೊಂಡು ಬಂದ ಕಾಲು ಗಂಟೆಗೆ ಗೋದಾಮು ಹತ್ತಿಕೊಂಡಿತು, ಅಲ್ಲಿಂದ ಮನೆಯ ಹಿಂಭಾಗಕ್ಕೆ. ಅವಳನ್ನು ಉಳಿಸಿದ್ದು ನಿನ್ನ ಹತ್ತು ಸಾಲು. ಸಾಯಿಸಲು ಹೊರಟಿದ್ದು ನನ್ನ ಒಂದು ಮಾತು.

ಮಾರನೆಯ ದಿನದ ಆಸ್ಪತ್ರೆ ಕಾರಿಡಾರು ನಿನಗೆ ನನಗಿಂತ ಚೆನ್ನಾಗಿ ನೆನಪಿರುತ್ತದೆ. ಅಧಿಕಾರಿ ಕಡತ ಹಿಡಿದು, ಖಾಲಿ ಅಂತ ಗುರುತು ಹೇಗೆ ಬಿತ್ತು ಎಂದು ಕೇಳಿದರು. ನೀನು ನನ್ನ ಕಡೆ ತಿರುಗಿ, ‘ಹೊರಟ್ವಿ ಅಂದ್ಯಲ್ಲಪ್ಪ?’ ಎಂದೆ. ನಾನು ‘ಹೊರಡ್ತೀವಿ ಅಂದೆ ಕಣಮ್ಮ. ಆ ಗದ್ದಲದಲ್ಲಿ ನಿಂಗೆ ಸರಿಯಾಗಿ ಕೇಳ್ಸಿರ್ಲಿಕ್ಕಿಲ್ಲ’ ಎಂದೆ. ಎಷ್ಟು ಮೆತ್ತಗೆ ಹೇಳಿದೆ ನೋಡು. ನಿನ್ನ ತಲೆ ಸವರಿ ಬೇರೆ ಹೇಳಿದೆ. ಒಂದು ಅಕ್ಷರ ಅತ್ತ ಇತ್ತ ಮಾಡಿ ನನ್ನ ಹೊರೆ ತೆಗೆದು ನಿನ್ನ ತಲೆಯ ಮೇಲೆ ಇಟ್ಟೆ. ನೀನು ‘ತಪ್ಪು ನನ್ನದು’ ಎಂದು ಬರೆದುಕೊಟ್ಟೆ. ನಿನ್ನ ಕೈಬರಹ ಅಷ್ಟು ಚಿಕ್ಕದಾಗಿದ್ದನ್ನು ನಾನು ಹಿಂದೆ ನೋಡಿರಲಿಲ್ಲ.

ಅಧಿಕಾರಿ ಅಕ್ಕನನ್ನೂ ಕೇಳಿದರಂತೆ, ನಿಮ್ಮ ತಮ್ಮ ಫೋನಿನಲ್ಲಿ ಏನೆಂದ ಅಂತ. ಅವಳು ಆಮ್ಲಜನಕದ ಮಾಸ್ಕಿನೊಳಗಿಂದಲೇ ಕಿವಿ ತೋರಿಸಿ ಕೈ ಆಡಿಸಿದಳಂತೆ, ಕೇಳಿಸುವುದಿಲ್ಲ ಎಂದು. ಸೂಜಿ ಬಿದ್ದ ಸದ್ದಿಗೆ ಅದು ಯಾವ ಮೂಲೆಯಲ್ಲಿದೆ ಎಂದು ಹೇಳುವವಳು! ಆಗ ಅವಳು ಕಾಪಾಡಿದ್ದು ನನ್ನ ಮಾನವನ್ನು. ಅದರ ಕೆಟ್ಟ ಹೆಸರು ನಿನಗೆ ಬಂದಿದೆ ಎಂದು ಮೊನ್ನೆ ನಿನ್ನ ಗೆಳತಿ ಹೇಳುವ ತನಕ ಅವಳಿಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಬೈಗುಳ ಬಿಟ್ಟು ಬೇರೆ ಮಾತಿಲ್ಲ.

ಇಲ್ಲಿ ನನಗೆ ಬಹಳ ಮರ್ಯಾದೆ, ಅದನ್ನೂ ಹೇಳಿಬಿಡುತ್ತೇನೆ. ಗೋದಾಮಿನಲ್ಲಿದ್ದ ನಾನೂರಕ್ಕೂ ಹೆಚ್ಚು ಕುರ್ಚಿ ಕರಗಿ ಒಂದೇ ಮುದ್ದೆಯಾಗಿದೆ. ಉಳಿದ ನೂರ ನಲವತ್ತೆಂಟನ್ನು ಈ ಆಶ್ರಯ ಕೇಂದ್ರಕ್ಕೆ ಕೊಟ್ಟೆ. ಜನ ಅದರ ಮೇಲೆ ಕೂತು ಡಾಕ್ಟರಿಗೆ ಕಾಯುತ್ತಾರೆ, ಪರಿಹಾರದ ಅರ್ಜಿ ತುಂಬುತ್ತಾರೆ, ಅಳುತ್ತಾರೆ. ‘ಅಂಥ ಬೆಂಕೀಲೂ ನಮಗೆ ಅಂತ ಕುರ್ಚಿ ಉಳಿಸ್ಕೊಂಡು ಬಂದ್ರು ನೋಡಿ, ದೊಡ್ಡ ಮನಸ್ಸು’ ಎಂದು ಬೇಕರಿಯವಳೇ ಹೊಗಳುತ್ತಾಳೆ. ನಾನು ತಲೆ ತಗ್ಗಿಸಿ ನಿಲ್ಲುತ್ತೇನೆ. ಅದನ್ನು ಅವರು ವಿನಯ ಎಂದುಕೊಳ್ಳುತ್ತಾರೆ. ನಾನು ಮಾತ್ರ ಆ ಕುರ್ಚಿಯಲ್ಲಿ ಕೂರುವುದಿಲ್ಲ. ಅದಕ್ಕೇ ಈ ಮಕ್ಕಳ ಬೆಂಚು.

ಶಾಲೆಯ ಪುಸ್ತಕದ ಕೋಣೆಯಲ್ಲಿ ಒಬ್ಬ ಹೆಂಗಸು ಬಂದು ಕೂರುತ್ತಾರೆ. ಬೆಂಕಿ ನೋಡಿ ಬೆದರಿದವರ ಮಾತು ಕೇಳುವುದು ಅವರ ಕೆಲಸ. ಅಕ್ಕ ನಿದ್ದೆಯಲ್ಲಿ ಬೆಚ್ಚುತ್ತಾಳೆ ಎಂದು ಅವಳನ್ನು ಕರೆದುಕೊಂಡು ಹೋಗುತ್ತಿದ್ದೆ. ನಿನ್ನೆ ಅಕ್ಕ ಎದ್ದ ಮೇಲೆ ಆಕೆ ನನಗೆ, ‘ಈಗ ನೀವು ಕೂತ್ಕೊಳ್ಳಿ’ ಎಂದರು. ‘ನಂಗೇನೂ ಆಗಿಲ್ಲ ಮೇಡಂ’ ಎಂದೆ. ‘ಏನೂ ಆಗ್ದೇ ಇರೋರು ಬಾಗಿಲಲ್ಲಿ ನಿಂತು ಇಷ್ಟು ಹೊತ್ತು ಕೇಳಿಸ್ಕೊಳ್ಳಲ್ಲ’ ಎಂದರು. ಕೂತೆ. ಎಲ್ಲ ಹೇಳಿದೆ. ಪರವಾಗಿಲ್ಲ, ಆ ಹೊತ್ತಿನಲ್ಲಿ ಯಾರಿಗಾದರೂ ಹಾಗಾಗುತ್ತದೆ ಎನ್ನುತ್ತಾರೆ ಎಂದು ಕಾದೆ. ಅನ್ನಲಿಲ್ಲ. ‘ಇದನ್ನ ಕೇಳಬೇಕಾದವಳು ನಾನಲ್ಲವಲ್ಲ’ ಎಂದಷ್ಟೇ ಹೇಳಿ ಈ ಹಾಳೆಗಳನ್ನು ಕೊಟ್ಟರು.

ಆದ್ದರಿಂದ ಕೇಳು. ನಾನು ‘ಹೊರಟ್ವಿ’ ಎಂದೇ ಹೇಳಿದ್ದೆ, ಅಡ್ಡದ ಹತ್ತಿರ ಸಾಮಾನು ಎಂದಿದ್ದೆ, ಆಸ್ಪತ್ರೆಯಲ್ಲಿ ಸುಳ್ಳು ಹೇಳಿದೆ ಎಂದು ಮೂರನ್ನೂ ಬೇರೆ ಹಾಳೆಯಲ್ಲಿ ಬರೆದು ಸಹಿ ಹಾಕಿದ್ದೇನೆ. ಒಂದು ಪ್ರತಿ ಇದರ ಜೊತೆಗಿದೆ. ಇನ್ನೊಂದನ್ನು ಹಿಡಿದುಕೊಂಡು ಸೋಮವಾರ ಬೆಳಗ್ಗೆ ನಿನ್ನ ಆಫೀಸಿಗೆ ಬರುತ್ತೇನೆ. ‘ಬಂದೆ’ ಎನ್ನುತ್ತಿಲ್ಲ, ಗಮನಿಸು. ಬಂದ ಮೇಲೆ, ನಿನ್ನ ಮೇಜಿನ ಮುಂದೆ ನಿಂತು ಹೇಳುತ್ತೇನೆ.

ಅವತ್ತು ವಿಚಾರಣೆಯಲ್ಲಿ ನಿನಗೆ ಏನಾದರೂ ಹೇಳು ಎಂದರೆ ಇದೊಂದು ಹೇಳು. ನಿಮ್ಮ ಸಹಾಯವಾಣಿಯ ಪಟ್ಟಿಯಲ್ಲಿರುವ ಪ್ರಶ್ನೆ ಬದಲಾಯಿಸಲಿ. ‘ಹೊರಟ್ರಾ?’ ಎಂದು ನಮ್ಮ ಜನರನ್ನು ಕೇಳಿದರೆ ಚಪ್ಪಲಿ ಸಿಗದವನೂ ‘ಹೊರಟೆ’ ಎನ್ನುತ್ತಾನೆ. ‘ಈಗ ಎಲ್ಲಿದ್ದೀರಿ? ಪಕ್ಕದಲ್ಲಿ ಏನು ಕಾಣ್ತಿದೆ? ಜೊತೇಲಿ ಇರೋರ ಕೈಗೆ ಫೋನ್ ಕೊಡಿ’ ಎಂದು ಕೇಳಲಿ. ಕಳ್ಳನ ಸಲಹೆ ಬೀಗ ಮಾಡುವವನಿಗೆ ಉಪಯೋಗಕ್ಕೆ ಬರುತ್ತದೆ.

ಮನೆಯ ಮುಂದಿನ ಎರಡು ಕೋಣೆ ನಿಂತಿವೆ. ಕರೆಂಟು, ಗ್ಯಾಸು ಪರೀಕ್ಷೆ ಮಾಡಿ ಒಳಗೆ ಹೋಗಬಹುದು ಎಂದು ಚೀಟಿ ಅಂಟಿಸುವ ತನಕ ಯಾರೂ ಕಾಲಿಡುವ ಹಾಗಿಲ್ಲ. ನೀನು ಭಾನುವಾರ ಬಂದು ಗುಡಿಸುತ್ತೇನೆ ಎಂದಿದ್ದೆಯಂತೆ, ಬೇಡ. ಬೂದಿಯನ್ನು ಒಣಗಿದ್ದಾಗ ಗುಡಿಸಬಾರದು, ಎದೆಗೆ ಹೋಗುತ್ತದೆ. ಚೀಟಿ ಬಂದ ಮೇಲೆ ಮಾಸ್ಕು ಹಾಕಿಕೊಂಡು, ನೀರು ಚಿಮುಕಿಸಿ, ಒದ್ದೆ ಬಟ್ಟೆಯಲ್ಲಿ ನಾನೇ ಒರೆಸುತ್ತೇನೆ. ಫ್ರಿಜ್ಜಿನ ಬಾಗಿಲು ಉಳಿದಿದೆ ಎಂದು ಟ್ಯಾಂಕರ್ ಡ್ರೈವರ್ ಹೇಳಿದ. ಅದರ ಮೇಲಿನ ಕಾಗದ ಉಳಿದಿದೆಯೋ ಇಲ್ಲವೋ ಕೇಳಲಿಲ್ಲ.

ಕ್ಷಮಿಸು ಎಂದು ಬರೆಯಲು ಹೋಗಿ ಎರಡು ಸಲ ಹೊಡೆದು ಹಾಕಿದ್ದೇನೆ, ಮೇಲೆ ಗುರುತು ಕಾಣುತ್ತದೆ. ನಾನು ಆ ಮಾತು ಆಡಿದರೆ ಅದೂ ಗಾಡಿ ತಿರುವಿನಲ್ಲಿದೆ ಎಂದ ಹಾಗೆ ಕೇಳಿಸುತ್ತದೆ. ಸೋಮವಾರ ಮುಗಿಯಲಿ.

ನಿನ್ನ
ಅಪ್ಪ

ತಾ.ಕ.: ಅಂಚೆಗೆ ಹಾಕುವ ಮೊದಲು ಅಕ್ಕನಿಗೆ ಓದಲು ಕೊಟ್ಟೆ. ಕನ್ನಡಕ ಏರಿಸಿಕೊಂಡು ಪೂರ್ತಿ ಓದಿದಳು. ಬೈಯಲಿಲ್ಲ. ಸೂಜಿಯ ಮೊನೆಯಿಂದ ಎರಡು ಸಾಲು ತೋರಿಸಿ, ‘ಇಲ್ಲಿ ನೂರ ನಲವತ್ತು ಅಂತಿದೆ, ಅಲ್ಲಿ ನೂರ ನಲವತ್ತೆಂಟು ಅಂತಿದೆ. ಉಳಿದ ಎಂಟು ಎಲ್ಲಿ ಕೂತ್ಕೊಂಡು ಬಂದ್ವು, ಅದನ್ನೂ ಬರಿಯೋ’ ಎಂದಳು. ಅವತ್ತು ಕಿಟಕಿಯಿಂದ ನೋಡಿದ್ದಳು. ಎಂಟು ಕುರ್ಚಿ ಮುಂದೆ, ನನ್ನ ಪಕ್ಕದ ಸೀಟಿನಲ್ಲಿ ಬಂದವು. ಬೀಳಬಾರದು ಎಂದು ಅವಕ್ಕೆ ಬೆಲ್ಟ್ ಹಾಕಿದ್ದೆ.